ಸಾಲೋಟಗಿಯ ಒಂದು ಮಂಗಳವಾರ

ಮುದ್ದೇಬಿಹಾಳ ಸೀಮೆಯ ಸಾಲಿ ಹುಡುಗನನ್ನು ನಿಲ್ಲಿಸಿ, ಇತಿಹಾಸದ ಒಂದು ಇಸವಿ ಹೇಳು ತಮ್ಮಾ ಅಂದರೆ, ತಡವರಿಸದೆ 1565 ಅನ್ನುತ್ತಾನೆ. ಅನ್ನಲೇಬೇಕಲ್ಲ! ರಕ್ಕಸಗಿ, ತಂಗಡಗಿ ಅವನಿಗೆ ಪಾಠದ ಪುಸ್ತಕದ ಹೆಸರುಗಳಲ್ಲ. ಒಂದು ಸೋದರಮಾವನ ಊರು, ಇನ್ನೊಂದು ಬೀಗರ ಊರು. ಆ ವರ್ಷದ ಜನವರಿ 23ರಂದು ಆ ಕಡೆಯ ಕಾಳಗದಲ್ಲಿ ಅಳಿಯ ರಾಮರಾಯ ಬಿದ್ದ, ಆಮೇಲೆ ವಿಜಯನಗರ ಸುಟ್ಟು ಹಾಳಾಯಿತು. ವಿಜಯಪುರದ ಹುಡುಗನಾದರೆ 1686 ಅನ್ನುತ್ತಾನೆ, ಔರಂಗಜೇಬ ಆದಿಲಶಾಹಿಯನ್ನು ಮುಗಿಸಿದ ವರ್ಷ. ನಮ್ಮ ನೆನಪಿನಲ್ಲಿ ಗಟ್ಟಿಯಾಗಿ ಕೂತ ಇಸವಿಗಳೆಲ್ಲ ಹೀಗೆಯೇ: ಯಾರೋ ಗೆದ್ದದ್ದು, ಯಾರೋ ಸೋತದ್ದು, ಯಾವುದೋ ಊರು ಉರಿದದ್ದು.

ಹಾಗಾದರೆ ಇಂಡಿಯ ಹುಡುಗ ಯಾವ ಇಸವಿ ಹೇಳಬೇಕು? 945 ಅನ್ನಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಇಂಡಿಯವನಷ್ಟೇ ಯಾಕೆ, ಸಿಂದಗಿಯವನು, ಬಾಗೇವಾಡಿಯವನು, ಮುದ್ದೇಬಿಹಾಳದವನು ಎಲ್ಲರೂ ಅನ್ನಬೇಕು. ಆ ವರ್ಷ ನಮ್ಮ ಕಡೆ ಕಾಳಗವೇನೂ ಆಗಲಿಲ್ಲ. ಒಂದು ಊರು ಒಂದು ಶಾಲೆಯ ಹೊಣೆ ಹೊತ್ತಿತು. ಇಷ್ಟೇ ಸುದ್ದಿ. ಆದರೆ ಅದೇ ವರ್ಷ ಜಗತ್ತಿನ ಬೇರೆ ಕಡೆಗಳಲ್ಲಿ ಏನೇನಾಯಿತೋ ಅದರ ಪಕ್ಕದಲ್ಲಿ ಇಟ್ಟು ನೋಡಿದಾಗ ಈ ಸುದ್ದಿಯ ಎತ್ತರ ತಿಳಿಯುತ್ತದೆ.

ಮೊದಲು ಊರಿನ ಸುದ್ದಿ. ಇಂಡಿಯ ಹತ್ತಿರ ಸಾಲೋಟಗಿ ಇದೆ. ಶಿವಯೋಗೀಶ್ವರರ ಗುಡಿಯಿಂದಾಗಿ ಸುತ್ತಲಿನ ತಾಲ್ಲೂಕುಗಳಿಗೆಲ್ಲ ಗೊತ್ತಿರುವ ಊರು. ಹತ್ತನೆಯ ಶತಮಾನದಲ್ಲಿ ಇದನ್ನು ಪಾವಿಟ್ಟಗೆ ಅನ್ನುತ್ತಿದ್ದರು. ಇಲ್ಲಿ ಸಿಕ್ಕ ಒಂದು ಕಲ್ಲುಕಂಬದ ಮೇಲೆ ಶಾಸನವಿದೆ. ಆಗ ಮಾನ್ಯಖೇಟದಲ್ಲಿ, ಅಂದರೆ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ರಾಜ್ಯಭಾರ. ಕನ್ನಡದವರ ಬಾಯಲ್ಲಿ ಕನ್ನರದೇವ. ಅವನ ಸಂಧಿವಿಗ್ರಹಿ ಮಂತ್ರಿ ನಾರಾಯಣ ಅನ್ನುವವನು. ಗಜಾಂಕುಶ ಅಂತ ಅವನಿಗೆ ಇನ್ನೊಂದು ಹೆಸರು. ಯಾವ ರಾಜನೊಡನೆ ಕೂಡಬೇಕು, ಯಾವ ರಾಜನೊಡನೆ ಕಾದಬೇಕು ಎಂದು ನೋಡುವುದೇ ಅವನ ಕೆಲಸ. ಅಂಥವನು ಪಾವಿಟ್ಟಗೆಯಲ್ಲಿ ಶಾಲೆ ಕಟ್ಟಿಸಿ, ಅದರಲ್ಲಿ ಬ್ರಹ್ಮ, ವಿಷ್ಣು, ಶಿವ ಮೂವರನ್ನೂ ಪ್ರತಿಷ್ಠೆ ಮಾಡಿಸಿದ. ಬೇರೆ ಬೇರೆ ನಾಡುಗಳಲ್ಲಿ ಹುಟ್ಟಿದ ವಿದ್ಯಾರ್ಥಿಗಳು ಇಲ್ಲಿಗೆ ಬಂದು ಓದುತ್ತಿದ್ದಾರೆ ಎಂದು ಶಾಸನವೇ ಹೇಳುತ್ತದೆ.

ಮಂತ್ರಿ ಕಟ್ಟಿಸಿದ್ದು ಸರಿ. ಕಟ್ಟಡ ಕಟ್ಟಿಸುವ ಮಂತ್ರಿಗಳು ಎಲ್ಲ ಕಾಲದಲ್ಲೂ ಸಿಗುತ್ತಾರೆ. ಕಟ್ಟಿದ ಮೇಲೆ ನಡೆಸುವವರು ಯಾರು? ಪಾವಿಟ್ಟಗೆಯ ಹಿರಿಮೆ ಇರುವುದು ಇಲ್ಲಿ. ಊರಿನ ಮುಖ್ಯಸ್ಥ ಚಕ್ರಾಯುಧ ಎಂಬುವವನು ಊರವರ ಜೊತೆಗೂಡಿ ಶಾಲೆಗೆ ದಾನ ಮಾಡಿದ. ವಿದ್ಯಾರ್ಥಿಗಳು ಇರಲು 27 ಮನೆಗಳು. ಹೂದೋಟಕ್ಕೆ 4 ನಿವರ್ತನ ಭೂಮಿ. ನಿವರ್ತನ ಆ ಕಾಲದ ಹೊಲದ ಅಳತೆ. ದೀಪದ ಖರ್ಚಿಗೆ 12 ನಿವರ್ತನ. ಕಲಿಸುವ ಗುರುವಿಗೆ 50 ನಿವರ್ತನ. ಇದರ ಮೇಲೆ ಊರಿನವರು ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡರು. ಮನೆಯಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಮುಂಜಿವೆಯಾದರೆ ಎರಡೂವರೆ, ಜವಳವಾದರೆ ಒಂದೂಕಾಲು. ಊರಿನಲ್ಲಿ ಸಂತರ್ಪಣೆ ನಡೆದಾಗ ಶಾಲೆಯ ಗುರು-ಶಿಷ್ಯರಿಗೂ ಕೈಲಾದಷ್ಟು ಉಣಬಡಿಸಬೇಕು.

ಆ ಲೆಕ್ಕವನ್ನು ಒಮ್ಮೆ ನಿಧಾನಕ್ಕೆ ನೋಡಿ. ಮದುವೆಯ ಅರ್ಧ ಮುಂಜಿವೆಗೆ, ಮುಂಜಿವೆಯ ಅರ್ಧ ಜವಳಕ್ಕೆ. ಖರ್ಚು ದೊಡ್ಡದಾದಲ್ಲಿ ಪಾಲು ದೊಡ್ಡದು, ಚಿಕ್ಕದಾದಲ್ಲಿ ಚಿಕ್ಕದು. ಮನೆಯಲ್ಲಿ ಸಂತೋಷ ಬಂದಾಗಲೇ ಕೇಳುತ್ತಾರೆ, ದುಃಖದಲ್ಲಿ ಕೇಳುವುದಿಲ್ಲ. ಮಳೆ ಹೋಗಿ ಬೆಳೆ ಕೈಕೊಟ್ಟ ವರ್ಷ ಮದುವೆಗಳೂ ಮುಂದಕ್ಕೆ ಹೋಗುತ್ತವೆ, ಆಗ ಈ ಭಾರವೂ ತಾನಾಗಿ ಇಳಿಯುತ್ತದೆ. ಶಾಲೆಗೆ ಬಿಟ್ಟ ಹೊಲ ಮಾತ್ರ ಶಾಲೆಗೇ ಉಳಿಯುತ್ತದೆ. ಭೀಮಾ ದಂಡೆಯ ಎರಿಭೂಮಿಯಲ್ಲಿ ಬರವನ್ನೂ ಬೆಳೆಯನ್ನೂ ಕಂಡವರಿಗೆ ಮಾತ್ರ ಹೊಳೆಯುವ ಲೆಕ್ಕ ಇದು.

ದೀಪಕ್ಕೆ ಬೇರೆ ಹೊಲ ಬಿಟ್ಟದ್ದಂತೂ ನನಗೆ ಎಷ್ಟು ಸಲ ಓದಿದರೂ ಮನಸ್ಸು ತುಂಬಿಸುತ್ತದೆ. ಗುಡಿಯ ನಂದಾದೀಪಕ್ಕೆ ಹೊಲ ಬಿಟ್ಟ ಶಾಸನಗಳು ಕರ್ನಾಟಕದ ಊರೂರಿಗೂ ಇವೆ. ಇಲ್ಲಿ ಆ ಬೆಳಕು ಓದುವ ಮಕ್ಕಳಿದ್ದ ಜಾಗದಲ್ಲಿ ಉರಿಯಿತು. ಸಾವಿರ ವರ್ಷದ ಹಿಂದೆ ಎಣ್ಣೆ ಅಗ್ಗದ ವಸ್ತುವಲ್ಲ. ಬಿತ್ತಿ, ರಾಶಿ ಮಾಡಿ, ಗಾಣಕ್ಕೆ ಹಾಕಿ ತೆಗೆಯಬೇಕು. ಅಷ್ಟೆಲ್ಲ ದುಡಿದ ಕೈಗಳು ಒಂದಷ್ಟು ಹೊಲವನ್ನು ಬರೀ ಬೆಳಕಿಗೆ ಎಂದು ಎತ್ತಿಟ್ಟವು.

ಇದೆಲ್ಲ ನಡೆದ ದಿನವನ್ನೂ ಕಲ್ಲು ಹೇಳುತ್ತದೆ: ಶಕ 867, ಭಾದ್ರಪದ ಅಮಾವಾಸ್ಯೆ, ಮಂಗಳವಾರ, ಸೂರ್ಯಗ್ರಹಣ. ಶಾಸನದಲ್ಲಿ ಇಷ್ಟು ವಿವರ ಇದ್ದರೆ ವಿದ್ವಾಂಸರಿಗೆ ಹಬ್ಬ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನಕ್ಕೆ ಚೂರು ಹೆಚ್ಚು. ಆ ಲೆಕ್ಕ ಹಿಡಿದು ಹಿಂದಕ್ಕೆ ನಡೆಯುತ್ತಾ ಹೋದರೆ, ಅಮಾವಾಸ್ಯೆಯೂ ಮಂಗಳವಾರವೂ ಕೂಡುವ ದಿನವಾಗಿ ಕ್ರಿ.ಶ. 945ರ ಸೆಪ್ಟೆಂಬರ್ 9 ಸಿಗುತ್ತದೆ. ಸಾವಿರ ವರ್ಷದ ಕೆಳಗಿನ ಒಂದು ಮಂಗಳವಾರವನ್ನು ಸೂರ್ಯ ಚಂದ್ರರು ಸಾಕ್ಷಿ ನಿಂತು ಹೇಳುತ್ತಾರೆ! ಭಾದ್ರಪದ ಅಮಾವಾಸ್ಯೆ ಅಂದರೆ ನಮ್ಮ ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಗ್ರಹಣ ಕಾಲದ ದಾನಕ್ಕೆ ಪುಣ್ಯ ಹೆಚ್ಚೆಂದು ಎಲ್ಲರೂ ನಂಬಿದ್ದ ಕಾಲ. ಹೋದ ಹಿರಿಯರ ದಿನದಂದು ಆ ಊರು ಬರುವ ಮಕ್ಕಳಿಗಾಗಿ ಕೈ ಎತ್ತಿ ಕೊಟ್ಟಿತು.

ಈಗ ಅದೇ ವರ್ಷದ ಜಗತ್ತಿನ ಕಡೆ ತಿರುಗೋಣ. ಜನವರಿಯಿಂದಲೇ ಶುರು. ರೋಮನ್ನರ ಪೂರ್ವದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಇಬ್ಬರು ಅಣ್ಣತಮ್ಮಂದಿರು ಹಿಂದಿನ ತಿಂಗಳಷ್ಟೇ ಸ್ವಂತ ತಂದೆ ರೊಮಾನೋಸ್ ಚಕ್ರವರ್ತಿಯನ್ನು ಕೆಳಗಿಳಿಸಿ, ತಲೆ ಬೋಳಿಸಿ, ದ್ವೀಪದ ಮಠಕ್ಕೆ ಕಳಿಸಿದ್ದರು. 945ರ ಜನವರಿ 27ರಂದು ಅವರನ್ನೂ ಹಿಡಿದು ತಂದೆ ಇದ್ದ ದ್ವೀಪಕ್ಕೇ ಸಾಗಿಸಲಾಯಿತು. ಹೆಸರಿಗೆ ಮಾತ್ರ ಚಕ್ರವರ್ತಿಯಾಗಿ ದಶಕಗಳ ಕಾಲ ಮೂಲೆಯಲ್ಲಿ ಕೂತಿದ್ದ ಏಳನೆಯ ಕಾನ್‌ಸ್ಟಂಟೈನ್ ಆ ದಿನ ನಿಜವಾದ ಒಡೆಯನಾದ. ಅವನು ಪುಸ್ತಕದ ಮನುಷ್ಯ; ರಾಜ್ಯ ನಡೆಸುವ ಬಗೆ, ಅರಮನೆಯ ವಿಧಿಗಳು ಎಲ್ಲವನ್ನೂ ಗ್ರಂಥ ಮಾಡಿಸಿದವನು. ತತ್ತ್ವಶಾಸ್ತ್ರ, ವಾಕ್ಕಲೆ, ರೇಖಾಗಣಿತ, ಖಗೋಳ ಕಲಿಸಲು ಒಬ್ಬೊಬ್ಬ ಪಂಡಿತನನ್ನು ನೇಮಿಸಿ, ವಿದ್ಯಾರ್ಥಿಗಳನ್ನು ಅರಮನೆಯಿಂದ ಸಾಕಿದ. ನಮ್ಮ ಪಾವಿಟ್ಟಗೆಗೆ ದೂರದಲ್ಲೊಬ್ಬ ಸಮಾನಮನಸ್ಕ ಅನ್ನಬಹುದು. ಆದರೆ ಅಲ್ಲಿ ಖರ್ಚು ಚಕ್ರವರ್ತಿಯದು. ಅವನ ಮನಸ್ಸು ಇರುವತನಕ ನಡೆಯುವಂಥದು.

ಅಲ್ಲಿಂದ ಬಡಗಣಕ್ಕೆ ಹೋದರೆ ಕೀವ್. ಅಲ್ಲಿನ ಹಳೆಯ ವೃತ್ತಾಂತದಲ್ಲಿ 945ರ ಕೆಳಗೆ ಬರೆದ ಕಥೆ ಹೀಗಿದೆ. ದೊರೆ ಈಗೋರ್ ಕಾಡಿನ ಡ್ರೆವ್ಲಿಯನ್ ಜನರ ಹತ್ತಿರ ಕಪ್ಪ ಎತ್ತಿಕೊಂಡು ಹೊರಟ. ದಾರಿಯಲ್ಲಿ ಇದು ಸಾಲದು ಅನ್ನಿಸಿತು. ದಂಡನ್ನು ಮುಂದೆ ಕಳಿಸಿ, ಕೆಲವೇ ಜನರ ಜೊತೆ ಹಿಂದಕ್ಕೆ ಹೋಗಿ ಎರಡನೆಯ ಸಲ ಕೇಳಿದ. ಜನ ರೊಚ್ಚಿಗೆದ್ದು ಅವನನ್ನು ಕೊಂದರು. ಅವನ ಹೆಂಡತಿ ಓಲ್ಗಾ, ಕಂಕುಳಲ್ಲಿ ಎಳೆಮಗನನ್ನು ಇಟ್ಟುಕೊಂಡೇ, ಸೇಡು ತೀರಿಸಿಕೊಂಡ ಬಗೆ ಕೇಳಿದರೆ ಮೈ ನಡುಗುತ್ತದೆ: ಬಂದ ದೂತರನ್ನು ದೋಣಿ ಸಮೇತ ಹೂಳಿಸಿದಳು, ಇನ್ನೊಂದು ಗುಂಪನ್ನು ಸ್ನಾನದ ಮನೆಯಲ್ಲಿ ಸುಡಿಸಿದಳು. ಆದರೆ ಆಮೇಲೆ ಅದೇ ಓಲ್ಗಾ ಕಪ್ಪಕ್ಕೆ ಮಿತಿ ಹಾಕಿದಳು, ವಸೂಲಿಗೆ ಗೊತ್ತಾದ ಠಾಣೆಗಳನ್ನು ಮಾಡಿದಳು. ಮುಂದೆ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ ಆ ಪುಸ್ತಕದ ಚಕ್ರವರ್ತಿಯ ಅತಿಥಿಯೂ ಆದಳು.

ಈ ಕಥೆ ಓದಿದಾಗೆಲ್ಲ ನನಗೆ ಪಾವಿಟ್ಟಗೆಯ ಕಟ್ಟಳೆ ಕಣ್ಣ ಮುಂದೆ ಬರುತ್ತದೆ. ಒಂದೇ ವರ್ಷ. ಒಂದು ಕಡೆ ಎರಡನೆಯ ಸಲ ಕಪ್ಪ ಕೇಳಿದ್ದಕ್ಕೆ ದೊರೆಯ ಪ್ರಾಣ ಹೋಯಿತು. ಇನ್ನೊಂದು ಕಡೆ ಊರವರು ತಮ್ಮ ಮನೆಯ ಮದುವೆ, ಮುಂಜಿವೆ, ಜವಳದ ಮೇಲೆ ತಾವೇ ಪಟ್ಟಿ ಹಾಕಿಕೊಂಡು, ಮಕ್ಕಳು ಮೊಮ್ಮಕ್ಕಳು ತಪ್ಪಬಾರದೆಂದು ಕಲ್ಲಿನಲ್ಲಿ ಕೊರೆಸಿದರು. ಜನ ಕೊಡುವುದಕ್ಕೆ ಎಂದೂ ಹಿಂಜರಿದವರಲ್ಲ. ಯಾತಕ್ಕೆ ಕೊಡುತ್ತೇವೆ, ಅದು ಎಲ್ಲಿ ಹೋಗುತ್ತದೆ ಅನ್ನುವುದು ಕಣ್ಣಿಗೆ ಕಾಣಬೇಕು, ಅಷ್ಟೇ.

ಬಗದಾದಿನ ಸುದ್ದಿ ವರ್ಷದ ಕೊನೆಗೆ. ಕ್ಯಾಸ್ಪಿಯನ್ ಸಮುದ್ರದ ತೆಂಕಣ ಬೆಟ್ಟಸೀಮೆಯಿಂದ ಬಂದ ಬೂಯಿ ಮನೆತನದ ಮೂವರು ಅಣ್ಣತಮ್ಮಂದಿರಲ್ಲಿ ಕಿರಿಯವನಾದ ಅಹಮದ್ ಡಿಸೆಂಬರಿನಲ್ಲಿ ಬಗದಾದಿಗೆ ನುಗ್ಗಿದ. ಖಲೀಫ ಅವನಿಗೆ ಮುಇಜ್ಜುದ್ದೌಲಾ ಎಂಬ ಬಿರುದು ಕೊಟ್ಟು ಬರಮಾಡಿಕೊಂಡ. ಬಿರುದು ಪಡೆದವನೇ ಕೆಲವು ವಾರಗಳಲ್ಲಿ ಬಿರುದು ಕೊಟ್ಟವನನ್ನು ಗದ್ದುಗೆಯಿಂದ ಎಳೆದು ಕಣ್ಣು ಕೀಳಿಸಿದ. ಅಲ್ಲಿಂದಾಚೆ ಖಲೀಫರ ಹೆಸರು ಉಳಿಯಿತು, ಅಧಿಕಾರ ಹೋಯಿತು. ಬಗದಾದಿನಲ್ಲಿ ಹುಟ್ಟಿ, ದೇಶ ಸುತ್ತಿ, ನಮ್ಮ ಪಡುವಣ ಕರಾವಳಿಯನ್ನೂ ಕಂಡಿದ್ದ ಅಲ್ ಮಸೂದಿ ತನ್ನ ದೊಡ್ಡ ಗ್ರಂಥವನ್ನು ಬರೆಯುತ್ತಿದ್ದುದೂ ಇದೇ ವರ್ಷಗಳಲ್ಲಿ. ಭಾರತದ ರಾಜರಲ್ಲೆಲ್ಲ ದೊಡ್ಡವನು ಬಲ್ಹರ, ಅವನ ರಾಜಧಾನಿ ಮಾನ್ಕೀರ್ ಎಂದು ಅವನು ಬರೆದ. ಬಲ್ಹರ ಅಂದರೆ ನಮ್ಮ ರಾಷ್ಟ್ರಕೂಟ ವಲ್ಲಭರಾಜ. ಮಾನ್ಕೀರ್ ಅಂದರೆ ಮಾನ್ಯಖೇಟ. ಬಗದಾದ್ ಕುಸಿಯುತ್ತಿದ್ದಾಗ ಬಗದಾದಿನವನೊಬ್ಬ ಕಾಗಿಣಾ ದಂಡೆಯ ರಾಜಧಾನಿಯ ಹಿರಿಮೆ ಬರೆಯುತ್ತಿದ್ದ.

ಚೀನಾದಲ್ಲೂ ರಾಜ್ಯಗಳು ಏಳುತ್ತಿದ್ದವು, ಬೀಳುತ್ತಿದ್ದವು. 945ರಲ್ಲಿ ತೆಂಕಣದ ಮಿನ್ ರಾಜ್ಯವನ್ನು ನೆರೆಯವರು ನುಂಗಿದರು. ಆದರೆ ಅದೇ ವರ್ಷ ಬಡಗಣದ ಆಸ್ಥಾನದಲ್ಲಿ ವಿದ್ವಾಂಸರು, 907ರಲ್ಲೇ ಮುಗಿದುಹೋಗಿದ್ದ ಟಾಂಗ್ ವಂಶದ ಇತಿಹಾಸವನ್ನು 200 ಅಧ್ಯಾಯಗಳಲ್ಲಿ ಬರೆದು ಮುಗಿಸಿದರು. ಅದನ್ನು ಬರೆಸಿದ ರಾಜವಂಶ ಮರುವರ್ಷವೇ ಕುಸಿಯತೊಡಗಿತು. ಗ್ರಂಥ ಇಂದಿಗೂ ಇದೆ. ಜಪಾನಿನಲ್ಲಿ ಹೆಸರಾದ ಕವಿ ಕಿ ನೋ ತ್ಸುರಾಯುಕಿ ತೀರಿಕೊಂಡದ್ದು ಇದೇ ವರ್ಷದ ಸುಮಾರಿಗೆ. ಗಂಡಸರು ಚೀನೀ ಭಾಷೆಯಲ್ಲಿ ದಿನಚರಿ ಬರೆಯುತ್ತಿದ್ದ ಕಾಲದಲ್ಲಿ ಅವನು ಹೆಣ್ಣಿನ ಸೋಗು ಹಾಕಿ ತನ್ನ ದೇಶದ ಮಾತಿನಲ್ಲಿ ಪ್ರವಾಸದ ದಿನಚರಿ ಬರೆದವನು. ನಮ್ಮಲ್ಲಿ ಪಂಪ 941ರಲ್ಲಿ ಆದಿಪುರಾಣ ಬರೆದು ನಾಲ್ಕೇ ವರ್ಷವಾಗಿತ್ತು. ದೊಡ್ಡ ಭಾಷೆಗಳ ಪಕ್ಕದಲ್ಲಿ ದೇಸಿ ಮಾತು ತಲೆಯೆತ್ತಿದ ಕಾಲ ಅದು, ಅಲ್ಲೂ ಇಲ್ಲೂ.

ನಮ್ಮ ಕನ್ನರದೇವ ಏನು ಮಾಡುತ್ತಿದ್ದ? ಅವನ ಕಣ್ಣು ತೆಂಕಣಕ್ಕೆ ನೆಟ್ಟಿತ್ತು. ಕಂಚಿಯನ್ನೂ ತಂಜೆಯನ್ನೂ ಗೆದ್ದವನೆಂದು ಅವನಿಗೆ ಬಿರುದು. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಆನೆಯ ಮೇಲೆಯೇ ಕೊಂದ. ರಾಷ್ಟ್ರಕೂಟರ ಕೀರ್ತಿ ಮುಗಿಲು ಮುಟ್ಟಿದ್ದು ಆಗ. ಅದಾದ ಕಾಲು ಶತಮಾನದೊಳಗೆ ಏನಾಯಿತು ನೋಡಿ. 972ರಲ್ಲಿ ಮಾಳವದ ಸೀಯಕ ಬಂದು ಮಾನ್ಯಖೇಟವನ್ನು ಸೂರೆ ಮಾಡಿದ. ಮರುವರ್ಷ ಚಾಲುಕ್ಯರ ತೈಲಪ ಸಿಂಹಾಸನ ಹಿಡಿದ. ಈ ತೈಲಪ ಎಲ್ಲಿಂದ ಎದ್ದವನು? ಕನ್ನರದೇವನೇ ಅವನಿಗೆ ಆಳಲು ಕೊಟ್ಟ ನಾಡು ತರ್ದವಾಡಿ ಸಾವಿರ. ಆ ತರ್ದವಾಡಿ ಇಂಡಿ ಸೀಮೆಯ ಭೀಮಾ ದಂಡೆಯ ಇಂದಿನ ತದ್ದೇವಾಡಿ. ಬಾಗೇವಾಡಿ ಸೀಮೆಯ ನರಸಲಗಿಯ ಶಾಸನ 965ರಲ್ಲಿ ಅವನನ್ನು ತರ್ದವಾಡಿಯ ಮಹಾಸಾಮಂತ ಎಂದು ಕರೆಯುತ್ತದೆ. ಬಗದಾದಿನಲ್ಲಿ ನಡೆದದ್ದು ನಮ್ಮಲ್ಲೂ ನಡೆಯಿತು: ಪದವಿ ಪಡೆದವನೇ ಪದವಿ ಕೊಟ್ಟ ಮನೆಯ ಗದ್ದುಗೆ ಏರಿದ.

ಮಂತ್ರಿಯ ಒಡೆಯನ ವಂಶ ಹೋಯಿತು, ರಾಜಧಾನಿ ಹೋಯಿತು. ಶಾಲೆ? ಅದೂ ಒಮ್ಮೆ ಬಿದ್ದಿತ್ತು. ಆದರೆ ಅದೇ ಕಂಬದ ಮೇಲೆ ಮುಂದೆ ಕನ್ನಡದಲ್ಲಿ ಕೊರೆದ ಶಾಸನವೂ ಇದೆ. ಶಿಲಾಹಾರ ಮನೆತನದ ಒಬ್ಬ ಮಾಂಡಲಿಕ ಶಾಲೆಯನ್ನು ಮತ್ತೆ ಕಟ್ಟಿಸಿದ ಸುದ್ದಿ ಅದು. ರಾಜರು ಬದಲಾದರೂ, ಶಾಲೆ ಬಿದ್ದಿದೆ, ಎಬ್ಬಿಸಬೇಕು ಅನ್ನುವ ಮನಸ್ಸು ಈ ನೆಲದಲ್ಲಿ ಉಳಿದಿತ್ತು. ನೆರೆಯ ಕಲಬುರಗಿ ಸೀಮೆಯ ನಾಗಾವಿಯಲ್ಲಿ 1058ರ ಶಾಸನ ಇನ್ನೊಂದು ದೊಡ್ಡ ವಿದ್ಯಾಕೇಂದ್ರವನ್ನು ಹೇಳುತ್ತದೆ. ಅಲ್ಲಿ ಪುಸ್ತಕ ನೋಡಿಕೊಳ್ಳಲೆಂದೇ ಆರು ಜನ ಸರಸ್ವತೀ ಭಂಡಾರಿಗರಿದ್ದರು. ಹಿಂದುಳಿದ ಸೀಮೆ ಎಂದು ನಮ್ಮನ್ನು ಕರೆದು ಕರೆದು, ನಾವೂ ಹಾಗೆಯೇ ಕರೆದುಕೊಳ್ಳತೊಡಗಿದ್ದೇವೆ. ಒಮ್ಮೆ ಈ ಕಲ್ಲುಗಳ ಮುಂದೆ ನಿಂತು ಆಮೇಲೆ ಮಾತಾಡಬೇಕು.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಪಾವಿಟ್ಟಗೆಯ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಅದು ಮುಂಜಿವೆಯಾದ ಗಂಡುಮಕ್ಕಳ ವೇದವಿದ್ಯೆಯ ಶಾಲೆ. ದೀಪದ ಹೊಲ ಉತ್ತವನ ಮಗ ಆ ದೀಪದಲ್ಲಿ ಓದಲಿಲ್ಲ. ಅವನ ಮಗಳಂತೂ ಅಲ್ಲಿಗೆ ಹೋಗುವ ಮಾತೇ ಇರಲಿಲ್ಲ. ಈ ನೋವಿಗೆ ಉತ್ತರ ಬಂದದ್ದೂ ಇದೇ ತರ್ದವಾಡಿ ನಾಡಿನಿಂದ. 1260ರ ಅರ್ಜುನವಾಡ ಶಾಸನ ಬಸವಣ್ಣನವರ ಬಾಗೇವಾಡಿ ತರ್ದವಾಡಿಯ ನಡುವಿನ ಊರು ಎನ್ನುತ್ತದೆ. ಬಾಗೇವಾಡಿಯ ಅಗ್ರಹಾರದ ಮನೆಯಲ್ಲಿ ಹುಟ್ಟಿದ ಆ ಹುಡುಗ ಅದನ್ನು ಬಿಟ್ಟು ಕೂಡಲಸಂಗಮಕ್ಕೆ ನಡೆದ. ಅಲ್ಲಿಂದ ಮುಂದೆ ಕಲ್ಯಾಣದಲ್ಲಿ ಅಂಬಿಗರು, ಮಾದಾರರು, ಮಡಿವಾಳರು, ಹೆಣ್ಣುಮಕ್ಕಳು ಕೂಡಿ ಕೂತು ಕನ್ನಡದಲ್ಲಿ ತಿಳಿವಿನ ಮಾತಾಡುವಂತಾಯಿತು. ಆಗ ಗದ್ದುಗೆಯಲ್ಲಿದ್ದ ಬಿಜ್ಜಳನೂ ತರ್ದವಾಡಿಯ ಮಹಾಮಂಡಲೇಶ್ವರನಾಗಿದ್ದು ಮೇಲೇರಿದವನೇ. ಪಾವಿಟ್ಟಗೆ ಶಾಲೆಯನ್ನು ಊರಿನ ಹೊಣೆ ಮಾಡಿತು. ಬಾಗೇವಾಡಿ ಅದರ ಬಾಗಿಲನ್ನು ಅಗಲ ಮಾಡಿತು. ಒಂದನ್ನು ಬಿಟ್ಟರೆ ಇನ್ನೊಂದು ಅರ್ಧ.

ಇಂಥ ಕಲ್ಲುಗಳನ್ನು ಓದಿ ಹೇಳಲು ಜನ ಬೇಕು. ಅದಕ್ಕೆ ಸಿಂದಗಿ ತಾಲ್ಲೂಕು ತನ್ನ ಪಾಲು ಕೊಟ್ಟಿದೆ. ಯರಗಲ್ಲಿನಲ್ಲಿ 1938ರಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರು ಬದುಕಿಡೀ ಶಾಸನಗಳ ಹಿಂದೆ ಅಲೆದರು. ‘ಶಾಸನಗಳಲ್ಲಿ ಶಿವಶರಣರು’ ಬರೆದು, ಪುರಾಣದ ಮಂಜಿನಿಂದ ಶರಣರನ್ನು ಇತಿಹಾಸದ ನೆಲಕ್ಕೆ ತಂದು ನಿಲ್ಲಿಸಿದರು. ಕಲ್ಲು ಏನು ಹೇಳುತ್ತದೋ ಅದನ್ನು ಅಂಜದೆ ಹೇಳಿದರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಆ ಸಂಕಟ ಇನ್ನೂ ಆರಿಲ್ಲ. ಅವರು ಓದಿದ ಹಾಗೆ ಓದುವ ಹುಡುಗರು ಹುಡುಗಿಯರು ಅದೇ ನೆಲದಲ್ಲಿ ಏಳಬೇಕು; ಅವರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.

ಇಂಡಿ ಕಡೆಯ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರಿಗೆ ಒಮ್ಮೆ ಈ ಮದುವೆಯ ಕಟ್ಟಳೆ ಹೇಳಿದೆ. ಕಾಲ ಬಳಿ ನಿಂಬೆಹಣ್ಣಿನ ಚೀಲ ಇಟ್ಟುಕೊಂಡು ಸುಮ್ಮನೆ ಕೇಳಿದರು. ಆಮೇಲೆ, “ನಮ್ಮ ಮಂದಿನ ಮಾಡ್ಯಾರೇನ್ರೀ ಇದನ್ನ?” ಅಂದರು. ಹೌದು ಕಾಕಾ, ನಿಮ್ಮ ಊರ ಕಡೆಯವರೇ ಅಂದೆ. “ಹಂಗಾರ ನಾವೂ ಮಾಡಬೇಕಲ್ರೀ. ಆಯೇರಿಗೆ ಎಷ್ಟ್ ರೊಕ್ಕ ಹಾಕತೀವಿ, ಪೆಂಡಾಲಿಗೆ ಎಷ್ಟ್ ಹಾಕತೀವಿ. ಸಾಲಿಗೆ ಐದು ರೂಪಾಯಿ ಭಾರ ಆಗತೈತೇನು?” ಅಂದರು.

ನನ್ನ ಮನಸ್ಸಿನಲ್ಲಿರುವುದೂ ಅದೇ. ಇವತ್ತು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಮದುವೆಗಳು ಊರೂರಿಗೆ ಜೋರಾಗಿ ನಡೆಯುತ್ತವೆ. ಅದೇ ಊರಿನ ಸಾಲಿಯಲ್ಲಿ ಪುಸ್ತಕದ ಕಪಾಟು ಖಾಲಿ. ಗುಳೆ ಹೋಗುವ ಮನೆಗಳ ಮಕ್ಕಳು ನಡುವರ್ಷದಲ್ಲಿ ಸಾಲಿ ಬಿಡುತ್ತಾರೆ. ಸರಕಾರ ಮಾಡಬೇಕಾದ್ದನ್ನು ಸರಕಾರದಿಂದ ಕೇಳಿ ಪಡೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಂತ್ರಿ ನಾರಾಯಣ ಕಟ್ಟಿಸಿದ ಮೇಲೂ ಪಾವಿಟ್ಟಗೆಯ ಜನ ತಮ್ಮ ಪಾಲು ಇಲ್ಲವೆಂದು ಕೂರಲಿಲ್ಲ. ಮದುವೆಯ ಪಟ್ಟಿಯಲ್ಲಿ ಊರ ಸಾಲಿಗೂ ಒಂದು ಸಾಲು ಬರೆಯುವುದು, ವರ್ಷಕ್ಕೊಮ್ಮೆ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹೆಸರಲ್ಲಿ ಓದುವ ಮಕ್ಕಳಿಗೆ ಒಂದು ಪುಸ್ತಕ ಕೊಡುವುದು, ಗುಳೆ ಹೋದ ಮನೆಯ ಮಗುವನ್ನು ಅಜ್ಜಿಯ ಹತ್ತಿರ ಉಳಿಸಿ ಸಾಲಿಗೆ ಕಳಿಸಲು ಓಣಿಯವರು ಕೂಡಿ ನೋಡಿಕೊಳ್ಳುವುದು: ಇವಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಪಾವಿಟ್ಟಗೆಯವರಿಗೆ ತೆರೆಯಲಾಗದ ಬಾಗಿಲುಗಳನ್ನು ಬಸವಣ್ಣನವರು ತೆರೆದಿಟ್ಟು ಹೋಗಿದ್ದಾರೆ. ನಮ್ಮ ಸಾಲಿಯಲ್ಲಿ ಯಾರ ಮಗುವೂ ಹೊರಗೆ ನಿಲ್ಲಬೇಕಿಲ್ಲ.

945ರಲ್ಲಿ ಕೀವ್, ಬಗದಾದ್, ಕಾನ್‌ಸ್ಟಾಂಟಿನೋಪಲ್ ಎಲ್ಲವೂ ಜಗತ್ತಿನ ಇತಿಹಾಸದ ಪುಟದಲ್ಲಿವೆ. ಅವುಗಳ ಪಕ್ಕದಲ್ಲಿ ಪಾವಿಟ್ಟಗೆಯನ್ನು ನಾವೇ ಬರೆಯಬೇಕು, ನಾವೇ ಓದಿಸಬೇಕು. ನಮ್ಮ ಮಕ್ಕಳು 1565ನ್ನು ಮರೆಯುವುದು ಬೇಡ; ಸೋಲಿನಿಂದಲೂ ಕಲಿಯುವುದಿದೆ. ಆದರೆ ಅದಕ್ಕಿಂತ ಮೊದಲು ಅವರ ಬಾಯಿಗೆ 945 ಬರಲಿ. ಯಾಕೆ ಅಂತ ಕೇಳಿದವರಿಗೆ, ಆ ವರ್ಷ ನಮ್ಮ ಊರು ತನ್ನ ಮದುವೆಯ ರೊಕ್ಕದಲ್ಲಿ ಪರವೂರ ಮಕ್ಕಳನ್ನು ಓದಿಸಿತು ಎಂದು ಎದೆಯುಬ್ಬಿಸಿ ಹೇಳಲಿ.